ಬೊಗಳದ ನಾಯಿ, ಬೊಗಳುವ ನೆಂಟರು: ಬಸೆಂಜಿ ಮತ್ತು ಅದರ ಮಿಶ್ರತಳಿಗಳನ್ನು ಗುರುತಿಸುವುದು, ಸಾಕುವುದು

ಬಸೆಂಜಿ ಬಗ್ಗೆ ಜನರಿಗೆ ಗೊತ್ತಿರುವುದು ಸಾಮಾನ್ಯವಾಗಿ ಒಂದೇ ವಿಷಯ: ಅದು ಬೊಗಳುವುದಿಲ್ಲ. ಆ ಒಂದು ಮಾತಿಗೆ ಮನಸೋತು ಮರಿ ತಂದವರು ಕಮ್ಮಿಯಿಲ್ಲ. ಚಿಕ್ಕ ನಾಯಿ, ಗಿಡ್ಡ ಕೂದಲು, ಮೈಯಲ್ಲಿ ವಾಸನೆ ಇಲ್ಲ, ಮೇಲಾಗಿ ಗಲಾಟೆಯೂ ಇಲ್ಲ. ಇನ್ನೇನು ಬೇಕು, ಅಲ್ವಾ? ವರ್ಷ ತುಂಬುವುದರೊಳಗೆ ಸೋಫಾದ ಸ್ಪಂಜು ಹೊರಗೆ ಬಂದಿರುತ್ತದೆ. ನಾಯಿ ಬೇಲಿ ಹತ್ತಿ ಓಡಿಹೋಗಿರುತ್ತದೆ. "ಬಾ" ಎಂದು ಕರೆದರೆ ಒಮ್ಮೆ ತಿರುಗಿ ನೋಡಿ, ತನ್ನ ಪಾಡಿಗೆ ತಾನು ಮುಂದೆ ನಡೆಯುತ್ತದೆ.

ಇನ್ನು ಕೆಲವರ ತಲೆಬಿಸಿ ಬೇರೆ. ಅವರು ಶೆಲ್ಟರ್‌ನಿಂದ ಒಂದು ನಾಯಿ ತಂದಿರುತ್ತಾರೆ. ಕಾಗದದಲ್ಲಿ 'ಬಸೆಂಜಿ ಮಿಕ್ಸ್' ಎಂದು ಬರೆದಿರುತ್ತದೆ. ಕಿವಿ ನೆಟ್ಟಗಿದೆ, ಬಾಲ ಸುರುಳಿ ಸುತ್ತಿದೆ, ಮೈಬಣ್ಣ ಕೆಂಪು. ಆದರೆ ಬೆಳಗ್ಗೆಯಿಂದ ಸಂಜೆವರೆಗೆ ಬೊಗಳುತ್ತದೆ! ಹಾಗಾದರೆ ಇದು ಬಸೆಂಜಿ ರಕ್ತದ್ದು ಹೌದೋ ಅಲ್ಲವೋ?

ಈ ಇಬ್ಬರೂ ಮೊದಲು ತಿಳಿದುಕೊಳ್ಳಬೇಕಾದದ್ದು ಈ ನಾಯಿ ಯಾವ ಕೆಲಸ ಮಾಡಿಕೊಂಡು ಬಂತು ಎಂಬುದನ್ನು. ಶುದ್ಧ ಬಸೆಂಜಿಯಲ್ಲಿ ಕೆಲವು ಗುಣಗಳು ಒಂದೇ ಗಂಟಿನಲ್ಲಿ ಕಟ್ಟಿದ ಹಾಗೆ ಬರುತ್ತವೆ. ಬೇರೆ ತಳಿಯ ಜೊತೆ ಸೇರಿದ ಕೂಡಲೇ ಆ ಗಂಟು ಬಿಚ್ಚಿಹೋಗುತ್ತದೆ. ಒಂದು ಮರಿಗೆ ಬಾಲ ಬರುತ್ತದೆ, ಇನ್ನೊಂದಕ್ಕೆ ಹಠ ಬರುತ್ತದೆ, ಮೂರನೆಯದಕ್ಕೆ ಎರಡೂ ಬರುವುದಿಲ್ಲ.

ಕಾಂಗೋ ಕಾಡಿನ ಬೇಟೆ

ಬಸೆಂಜಿಯ ತವರು ಮಧ್ಯ ಆಫ್ರಿಕಾ. ಕಾಂಗೋ ನದಿಯ ಸುತ್ತಲಿನ ಕಾಡುಗಳಿಂದ ಈಗಿನ ದಕ್ಷಿಣ ಸುಡಾನ್‌ವರೆಗೆ ಈ ನಾಯಿಗಳು ಹಳ್ಳಿಗಳಲ್ಲಿ ಬದುಕಿಕೊಂಡು ಬಂದಿವೆ. ಅಲ್ಲಿ ಬಲೆ ಹಾಕಿ ಬೇಟೆಯಾಡುವ ಪದ್ಧತಿಯಿದೆ. ಬೇಟೆಗಾರರು ಕಾಡಿನ ಒಂದು ಬದಿಗೆ ಉದ್ದಕ್ಕೂ ಬಲೆ ಕಟ್ಟುತ್ತಾರೆ. ನಾಯಿಗಳನ್ನು ಎದುರು ದಿಕ್ಕಿನಿಂದ ಒಳಗೆ ಬಿಡುತ್ತಾರೆ. ಪೊದೆಯಲ್ಲಿ ಅಡಗಿರುವ ಸಣ್ಣ ಪ್ರಾಣಿಯನ್ನು ಹುಡುಕಿ, ಎಬ್ಬಿಸಿ, ಬಲೆಯ ಕಡೆಗೆ ಅಟ್ಟುವುದು ನಾಯಿಯ ಕೆಲಸ. ದಟ್ಟ ಕಾಡಿನಲ್ಲಿ ನಾಯಿ ಕಣ್ಣಿಗೆ ಬೀಳುವುದಿಲ್ಲ, ಬೊಗಳಿ ಸುಳಿವು ಕೊಡುವುದೂ ಇಲ್ಲ. ಅದಕ್ಕೇ ಅದರ ಕೊರಳಿಗೆ ಮರದ ಗಂಟೆ ಕಟ್ಟುತ್ತಾರೆ. ನಾಯಿ ಎಲ್ಲಿದೆ ಎಂದು ಆ ಸದ್ದಿನಿಂದಲೇ ತಿಳಿಯಬೇಕು.

ಈ ಕೆಲಸದಲ್ಲಿ ನಾಯಿಗೆ ಏನು ಬೇಕು ನೋಡಿ. ಒಡೆಯ ಕಾಣದ ಜಾಗದಲ್ಲಿ ತಾನೇ ತೀರ್ಮಾನ ಮಾಡಬೇಕು. ಕಣ್ಣು, ಮೂಗು, ಕಿವಿ ಮೂರೂ ಚುರುಕಾಗಿರಬೇಕು. ಏನಾದರೂ ಓಡಿದರೆ ಕ್ಷಣ ತಡಮಾಡದೆ ಹಿಂದೆ ಬೀಳಬೇಕು. ಕುರಿ ಕಾಯುವ ನಾಯಿ ಒಡೆಯನ ಮುಖ ನೋಡಿ ಕೆಲಸ ಮಾಡುತ್ತದೆ, ಅದರ ತಳಿಯನ್ನು ಬೆಳೆಸಿದ್ದೇ ಹಾಗೆ. ಬಸೆಂಜಿಯಿಂದ ಯಾರೂ ಅದನ್ನು ಕೇಳಲೇ ಇಲ್ಲ. ಮನೆಗೆ ತಂದ ಮೇಲೆ ನಾವು 'ಮಾತು ಕೇಳಲ್ಲ' ಎಂದು ದೂರುವ ಗುಣ ಅದರ ಊರಿನಲ್ಲಿ ಅದರ ಅರ್ಹತೆಯಾಗಿತ್ತು.

1994ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ ನಾಯಿ ತಳಿಗಳ ಬುದ್ಧಿಯ ಪಟ್ಟಿಯೊಂದನ್ನು ಮಾಡಿದರು. 79 ಸ್ಥಾನಗಳಿದ್ದ ಆ ಪಟ್ಟಿಯಲ್ಲಿ ಬಸೆಂಜಿಗೆ ಸಿಕ್ಕಿದ್ದು 78ನೆಯದು. ಆ ಪಟ್ಟಿ ಅಳೆದದ್ದು ಹೇಳಿದ ಮಾತನ್ನು ಎಷ್ಟು ಬೇಗ, ಎಷ್ಟು ಸಲ ಪಾಲಿಸುತ್ತದೆ ಎಂಬುದನ್ನು. ಅದನ್ನು ದಡ್ಡತನ ಎಂದು ಓದಿಕೊಂಡವರು ಒಂದು ಬಸೆಂಜಿ ಬೀರುವಿನ ಚಿಲಕ ತೆಗೆಯುವುದನ್ನು ನೋಡಿಲ್ಲ ಎಂದಷ್ಟೇ ಹೇಳಬಹುದು.

ಯುರೋಪಿಗೆ ಈ ನಾಯಿ ಬಂದ ಕಥೆ ಸುಲಭದ್ದಲ್ಲ. 1895ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಎಂಬ ನಾಯಿ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ನಾಯಿಗಳು ಡಿಸ್ಟೆಂಪರ್ ಎಂಬ ಸೋಂಕು ರೋಗ ಬಂದು ಸತ್ತವು. 1923ರಲ್ಲಿ ಲೇಡಿ ಹೆಲೆನ್ ನಟ್ಟಿಂಗ್ ಸುಡಾನ್‌ನಿಂದ ಆರು ನಾಯಿಗಳನ್ನು ತಂದರು, ಅವೂ ಉಳಿಯಲಿಲ್ಲ. 1930ರ ದಶಕದಲ್ಲಿ ಒಲಿವಿಯಾ ಬರ್ನ್ ತಂದವು ಬದುಕಿದವು, ಮರಿ ಹಾಕಿದವು. 1937ರ ಕ್ರಫ್ಟ್ಸ್‌ನಲ್ಲಿ ಅವನ್ನು ನೋಡಲು ಜನ ಮುಗಿಬಿದ್ದರು. ನಾಯಿ ತಳಿಗಳನ್ನು ದಾಖಲಿಸುವ ಅಮೆರಿಕನ್ ಕೆನಲ್ ಕ್ಲಬ್ 1943ರಲ್ಲಿ ಈ ತಳಿಯನ್ನು ಒಪ್ಪಿಕೊಂಡಿತು. ಹೀಗೆ ಆಫ್ರಿಕಾದ ಹೊರಗಿನ ಬಸೆಂಜಿಗಳೆಲ್ಲ ಕೈಬೆರಳೆಣಿಕೆಯ ನಾಯಿಗಳಿಂದ ಹುಟ್ಟಿದವು. ಒಳಗೊಳಗೇ ಮರಿ ಮಾಡಿಸಿದ್ದರಿಂದ ಕೆಲವು ಕಾಯಿಲೆಗಳು ತಳಿಯ ಉದ್ದಕ್ಕೂ ಹರಡಿದವು. ಅದನ್ನು ಸರಿಪಡಿಸಲು 1987 ಮತ್ತು 1988ರಲ್ಲಿ ಅಮೆರಿಕದ ಕೆಲವು ಬಸೆಂಜಿ ಪ್ರೇಮಿಗಳು ಕಾಂಗೋಗೆ (ಆಗ ಅದರ ಹೆಸರು ಜೈರ್) ಹೋಗಿ ಹೊಸ ನಾಯಿಗಳನ್ನು ತಂದರು. 1990ರಲ್ಲಿ ಕೆನಲ್ ಕ್ಲಬ್ ಅವುಗಳಿಗಾಗಿ ತನ್ನ ವಂಶಾವಳಿ ಪುಸ್ತಕವನ್ನು ಮತ್ತೆ ತೆರೆಯಿತು. ಮೈಮೇಲೆ ಹುಲಿಪಟ್ಟೆ ಇರುವ ಬಸೆಂಜಿಗಳು ಅಲ್ಲಿ ಸೇರಿಕೊಂಡಿದ್ದು ಆಗಲೇ. ಆರೋಗ್ಯದ ಮಾತು ಬಂದಾಗ ಈ ಇತಿಹಾಸ ಮತ್ತೆ ನೆನಪಿಗೆ ಬರುತ್ತದೆ.

ಬೊಗಳದು, ಆದರೆ ಮೂಕ ಅಲ್ಲ

ಬಸೆಂಜಿಗೆ ಗಂಟಲಿದೆ, ಅದನ್ನು ಬಳಸಲೂ ಬರುತ್ತದೆ. ಖುಷಿಯಾದಾಗ 'ಬರೂ' ಎಂದು ರಾಗ ಎಳೆಯುತ್ತದೆ. ಊಳಿಡುತ್ತದೆ, ಗುರ್ ಎನ್ನುತ್ತದೆ, ಕುಂಯ್‌ಗುಡುತ್ತದೆ. ಕೆಲವೊಮ್ಮೆ 'ವುಫ್' ಎಂದು ಒಂದೇ ಒಂದು ಸಲ ಬೊಗಳಿ ಸುಮ್ಮನಾಗುತ್ತದೆ. ಅದಕ್ಕೆ ಬರದೇ ಇರುವುದು ಒಂದರ ಹಿಂದೆ ಒಂದು ಬಿಡದೆ ಬೊಗಳುವುದು. ಅದರ ಧ್ವನಿಪೆಟ್ಟಿಗೆಯ ರಚನೆ ಬೇರೆ ನಾಯಿಗಳದ್ದಕ್ಕಿಂತ ಸ್ವಲ್ಪ ಭಿನ್ನ ಎಂಬುದು ಒಂದು ಕಾರಣ.

ಆದರೆ ಒಂದು ಸದ್ದಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಅದು ಕಿರುಚಾಟ. ಹೆದರಿದಾಗ, ಒಂಟಿಯಾಗಿ ಕೂಡಿಹಾಕಿದಾಗ, ಉಗುರು ಕತ್ತರಿಸಲು ಕಾಲು ಹಿಡಿದಾಗ ಬಸೆಂಜಿ ಕಿರುಚಿದರೆ ಮನುಷ್ಯರೇ ಕಿರುಚಿದ ಹಾಗೆ ಕೇಳುತ್ತದೆ. ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟ್‌ನಲ್ಲಿ 'ಸದ್ದಿಲ್ಲದ ನಾಯಿ' ಎಂದು ತಂದವರಿಗೆ ಇದು ದೊಡ್ಡ ಆಘಾತ.

ಶುದ್ಧ ಬಸೆಂಜಿಯ ಗುರುತು

ಎತ್ತರ ಭುಜದ ಹತ್ತಿರ ಗಂಡಿಗೆ 43 ಸೆಂಟಿಮೀಟರ್, ಹೆಣ್ಣಿಗೆ 40 ಸೆಂಟಿಮೀಟರ್ ಆಸುಪಾಸು. ತೂಕ 10-11 ಕೆಜಿ. ಬದಿಯಿಂದ ನೋಡಿದರೆ ದೇಹ ಚೌಕಾಕಾರ, ಕಾಲು ಉದ್ದ, ಸೊಂಟ ಸಣ್ಣ. ಕಿವಿ ಚಿಕ್ಕದು, ನೆಟ್ಟಗೆ, ಸ್ವಲ್ಪ ಮುಂದಕ್ಕೆ ಬಾಗಿದ್ದು. ಕಿವಿ ನಿಮಿರಿಸಿದಾಗ ಹಣೆಯಲ್ಲಿ ತೆಳುವಾದ ಸುಕ್ಕುಗಳು ಮೂಡುತ್ತವೆ. ಮರಿಗಳಲ್ಲಿ ಸುಕ್ಕು ಇನ್ನೂ ಜಾಸ್ತಿ. ಕಣ್ಣು ಬಾದಾಮಿ ಆಕಾರದ್ದು, ಕಡುಕಂದು. ಬಾಲ ಬೆನ್ನ ಮೇಲೆ ಬಿಗಿಯಾಗಿ ಸುತ್ತಿ ಒಂದು ಬದಿಗೆ ಒರಗಿರುತ್ತದೆ.

ಬಣ್ಣದಲ್ಲಿ ನಾಲ್ಕು ಬಗೆ: ಕೆಂಪು-ಬಿಳಿ, ಕಪ್ಪು-ಬಿಳಿ, ಕಪ್ಪು-ಕಂದು-ಬಿಳಿ, ಹುಲಿಪಟ್ಟೆ-ಬಿಳಿ. ನಾಲ್ಕರಲ್ಲೂ ಬಿಳಿ ಇದೆ ನೋಡಿ. ಪಾದ, ಎದೆ, ಬಾಲದ ತುದಿ, ಈ ಮೂರು ಕಡೆ ಬಿಳಿ ಇರಲೇಬೇಕು ಎನ್ನುತ್ತದೆ ತಳಿಯ ನಿಯಮ. ಬಿಳಿಯ ಒಂದು ಚುಕ್ಕೆಯೂ ಇಲ್ಲದ, ಪೂರ್ತಿ ಕೆಂಪು ನಾಯಿಯನ್ನು ಯಾರಾದರೂ ಶುದ್ಧ ಬಸೆಂಜಿ ಎಂದು ಮಾರಿದರೆ ಅನುಮಾನ ಪಡಿ.

ನಡಿಗೆ ಇನ್ನೊಂದು ಗುರುತು. ನಿಧಾನವಾಗಿ ಓಡುವಾಗ ಕುದುರೆಯಂತೆ ಹಗುರಾಗಿ ಹೆಜ್ಜೆ ಹಾಕುತ್ತದೆ. ವೇಗ ಹಿಡಿದಾಗ ಗ್ರೇಹೌಂಡ್‌ನಂತೆ ಪ್ರತಿ ನೆಗೆತದಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಹಾಗಂತ ಗ್ರೇಹೌಂಡ್‌ನ ನೆಂಟನಲ್ಲ. ಇದನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬುದರಲ್ಲಿ ಕ್ಲಬ್ಬುಗಳಲ್ಲೇ ಒಮ್ಮತವಿಲ್ಲ. ಅಮೆರಿಕನ್ ಕೆನಲ್ ಕ್ಲಬ್ ಬೇಟೆನಾಯಿಗಳ ಗುಂಪಿಗೆ ಹಾಕಿದೆ. ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಸಿಐ 5ನೇ ಗುಂಪಿಗೆ, ಅಂದರೆ ಸ್ಪಿಟ್ಜ್ ಮತ್ತು ಆದಿಮ ಮಾದರಿಯ ನಾಯಿಗಳ ಜೊತೆ ಇಟ್ಟಿದೆ. ಎಫ್‌ಸಿಐ ಮಾಡಿದ್ದೇ ಸರಿ ಎಂದು ನನಗೆ ಅನಿಸುತ್ತದೆ. ಜೀನ್ ಅಧ್ಯಯನಗಳೂ ಅದೇ ದಿಕ್ಕಿನಲ್ಲಿವೆ. 2021ರಲ್ಲಿ ಬಸೆಂಜಿಯ ಪೂರ್ಣ ಜೀನೋಮ್ ಪ್ರಕಟವಾಯಿತು. ಇಂದಿನ ತಳಿಗಳ ವಂಶವೃಕ್ಷದಲ್ಲಿ ಅದು ಬಹಳ ಬುಡದಲ್ಲೇ ಬೇರೆಯಾದ ಕವಲು.

ಹೊರಗೆ ಕಾಣದ, ಆದರೆ ತುಂಬಾ ಉಪಯೋಗದ ಗುರುತು ಒಂದಿದೆ. ಹೆಚ್ಚಿನ ನಾಯಿಗಳು ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತವೆ. ಬಸೆಂಜಿ ಹೆಣ್ಣು ತೋಳ, ಡಿಂಗೊಗಳ ಹಾಗೆ ಸಾಮಾನ್ಯವಾಗಿ ಒಂದೇ ಸಲ, ಅದೂ ಹಗಲು ಗಿಡ್ಡವಾಗುವ ಕಾಲದಲ್ಲಿ. ಭೂಮಿಯ ಉತ್ತರಾರ್ಧದಲ್ಲಿ ಅಂದರೆ ಮರಿಗಳು ಹುಟ್ಟುವುದು ಬಹುತೇಕ ಅಕ್ಟೋಬರ್‌ನಿಂದ ಜನವರಿಯೊಳಗೆ. ಇದಕ್ಕೆ ಹೊರತಾದ ನಾಯಿಗಳೂ ಇವೆ. ಆದರೂ ವರ್ಷವಿಡೀ 'ಬಸೆಂಜಿ ಮರಿಗಳು ಲಭ್ಯ' ಎನ್ನುವವರನ್ನು ಎರಡು ಪ್ರಶ್ನೆ ಜಾಸ್ತಿ ಕೇಳುವುದು ಒಳ್ಳೆಯದು.

'ಬಸೆಂಜಿ ಮಿಕ್ಸ್' ಎಂಬ ಚೀಟಿ

ಶೆಲ್ಟರ್‌ಗೆ ಬಂದ ನಾಯಿಯ ಅಪ್ಪ ಅಮ್ಮ ಯಾರೆಂದು ಅಲ್ಲಿನವರಿಗೂ ಗೊತ್ತಿರುವುದಿಲ್ಲ. ಫಾರಂನಲ್ಲಿ ತಳಿಯ ಜಾಗ ಖಾಲಿ ಬಿಡುವಂತಿಲ್ಲ. ನೋಡಿದರೆ ಏನು ಅನ್ನಿಸುತ್ತದೋ ಅದನ್ನು ಬರೆಯುತ್ತಾರೆ. ಸುರುಳಿ ಬಾಲ, ನೆಟ್ಟ ಕಿವಿ, ಗಿಡ್ಡ ಕೂದಲು, ಮಧ್ಯಮಕ್ಕಿಂತ ಚಿಕ್ಕ ಗಾತ್ರ, ಈ ನಾಲ್ಕು ಸೇರಿದರೆ ಬಸೆಂಜಿ ಎಂಬ ಹೆಸರು ತಾನಾಗಿಯೇ ಬಾಯಿಗೆ ಬರುತ್ತದೆ.

ತೊಂದರೆ ಏನೆಂದರೆ ಈ ನಾಲ್ಕೂ ಗುಣ ಬಸೆಂಜಿಯ ಸ್ವಂತ ಆಸ್ತಿಯಲ್ಲ. ಆಫ್ರಿಕಾ, ಏಷ್ಯಾದ ಊರುನಾಯಿಗಳನ್ನು ನೋಡಿ. ಯಾರೂ ತಳಿ ಮಾಡದೆ ತಲೆಮಾರುಗಳಿಂದ ತಾವಾಗಿಯೇ ಬೆಳೆದ ನಾಯಿಗಳು ಬಹಳಷ್ಟು ಕಡೆ ಇದೇ ರೂಪಕ್ಕೆ ಬಂದು ನಿಂತಿವೆ. ಡಿಂಗೊ, ಇಸ್ರೇಲಿನ ಕೆನಾನ್ ನಾಯಿ, ಅಮೆರಿಕದ ಕೆರೊಲಿನಾ ನಾಯಿ ಎಲ್ಲವೂ ದೂರದಿಂದ ಒಂದೇ ಥರ. ಜಪಾನಿನ ಶಿಬಾ ಇನುವಿನದ್ದೂ ಸುರುಳಿ ಬಾಲವೇ, ಆದರೆ ಅದರ ತುಪ್ಪಳ ಎರಡು ಪದರದ ದಪ್ಪ. ಚಿವಾವಾ, ಟೆರಿಯರ್, ಸ್ಪಿಟ್ಜ್ ರಕ್ತಗಳು ಕಲಸಿಹೋದ ನಾಯಿಯೂ ಬಸೆಂಜಿಯಂತೆ ಕಾಣಬಹುದು. ಶುದ್ಧ ಬಸೆಂಜಿಗಳು ಸಂಖ್ಯೆಯಲ್ಲೇ ಕಮ್ಮಿ. ಅವು ಓಡಾಡಿಕೊಂಡು ಎಲ್ಲೆಂದರಲ್ಲಿ ಕೂಡುವ ಅವಕಾಶ ಇನ್ನೂ ಕಮ್ಮಿ. ಹೀಗಿರುವಾಗ ಚೀಟಿಯ ಮೇಲೆ ಅಷ್ಟೊಂದು ಬಸೆಂಜಿ ಮಿಕ್ಸ್‌ಗಳು ಎಲ್ಲಿಂದ ಬರಬೇಕು?

ಕಣ್ಣಳತೆ ಎಷ್ಟು ನಂಬಬಹುದು ಎಂಬುದಕ್ಕೆ 2018ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ಇದೆ. ಶೆಲ್ಟರ್‌ಗಳ 900ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರೀಕ್ಷೆ ಮಾಡಿ, ಸಿಬ್ಬಂದಿ ಬರೆದಿದ್ದ ತಳಿಯ ಜೊತೆ ಹೋಲಿಸಿದರು. ಸುಮಾರು ಮೂರನೇ ಎರಡರಷ್ಟು ನಾಯಿಗಳಲ್ಲಿ ಸಿಬ್ಬಂದಿ ಕನಿಷ್ಠ ಒಂದು ತಳಿಯನ್ನು ಸರಿಯಾಗಿ ಹೇಳಿದ್ದರು. ಒಂದಕ್ಕಿಂತ ಹೆಚ್ಚು ತಳಿಗಳನ್ನು ಸರಿಯಾಗಿ ಹೇಳಿದ್ದು ಹತ್ತರಲ್ಲಿ ಒಂದು ನಾಯಿಗೆ ಮಾತ್ರ. ದಿನವೂ ನಾಯಿಗಳ ನಡುವೆ ಇರುವವರ ಪಾಡೇ ಇದು.

ಗುಣಗಳು ಬಿಡಿಬಿಡಿಯಾಗಿ ಬರುತ್ತವೆ ಎಂದು ಆಗಲೇ ಹೇಳಿದೆ. ಇದನ್ನು ಬಹಳ ಹಿಂದೆಯೇ ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಬಸೆಂಜಿಗೂ ಕಾಕರ್ ಸ್ಪ್ಯಾನಿಯಲ್‌ಗೂ ಮರಿ ಮಾಡಿಸಿ, ಆ ಮರಿಗಳನ್ನು ತಲೆಮಾರುಗಟ್ಟಲೆ ಗಮನಿಸಿದರು. 1965ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ಅರ್ಧ ಬಸೆಂಜಿಯಾದ ಮೊದಲ ತಲೆಮಾರಿನ ನಾಯಿಗಳು ಕಾಕರ್‌ಗಳ ಹಾಗೆ ಸಲೀಸಾಗಿ ಬೊಗಳಿದವು. ಒಂದೇ ಋತುವಿನಲ್ಲಿ ಬೆದೆಗೆ ಬರುವ ಗುಣವೂ ಅವುಗಳಲ್ಲಿ ಮರೆಯಾಯಿತು. ಆದರೆ ಎಳೆಯ ವಯಸ್ಸಿನಲ್ಲಿ ಮನುಷ್ಯರು ಮುಟ್ಟಲು ಹೋದರೆ ಬೆದರಿ ದೂರ ಸರಿಯುವ ಗುಣ? ಅದರಲ್ಲಿ ಅವು ಬಸೆಂಜಿಯ ಕಡೆಗೇ ವಾಲಿದವು. ಕೊರಳಿಗೆ ಹಗ್ಗ ಹಾಕಿದಾಗ ಒದ್ದಾಡುವುದರಲ್ಲಿ ಎರಡರ ನಡುವೆ ಎಲ್ಲೋ ನಿಂತವು.

ಅಂದರೆ ನಿಮ್ಮ ನಾಯಿ ಬೊಗಳುತ್ತದೆ ಎಂಬ ಕಾರಣಕ್ಕೆ ಅದರಲ್ಲಿ ಬಸೆಂಜಿ ಇಲ್ಲ ಎನ್ನಲಾಗದು. ಬೊಗಳದೇ ಇರುವುದು ಪುರಾವೆಯೂ ಅಲ್ಲ. ಶೆಲ್ಟರ್‌ನಿಂದ ಬಂದ ಹೊಸತರಲ್ಲಿ ಹೆದರಿಕೆಯಿಂದ ವಾರಗಟ್ಟಲೆ ಸುಮ್ಮನಿರುವ ನಾಯಿಗಳು ಬೇಕಾದಷ್ಟಿವೆ. ಧೈರ್ಯ ಬಂದ ಮೇಲೆ ಬಾಯಿ ತೆರೆಯುತ್ತವೆ!

ನಿಜ ತಿಳಿಯಲೇಬೇಕು ಎನ್ನುವವರಿಗೆ ಡಿಎನ್‌ಎ ಪರೀಕ್ಷೆ ಇದೆ. ಕೆನ್ನೆಯ ಒಳಭಾಗದಲ್ಲಿ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಸಾಕು. ಎಂಬಾರ್ಕ್, ವಿಸ್ಡಮ್ ಪ್ಯಾನೆಲ್ ಇಂಥ ಪರೀಕ್ಷೆಗಳಲ್ಲಿ ಹೆಸರಾದವು. ಬಸೆಂಜಿ ಬೇರೆ ತಳಿಗಳಿಂದ ದೂರ ಇರುವ ಕವಲಾದ್ದರಿಂದ ದೊಡ್ಡ ಪಾಲಿದ್ದರೆ ಚೆನ್ನಾಗಿಯೇ ಗುರುತು ಸಿಗುತ್ತದೆ. ಅಪ್ಪ ಅಥವಾ ಅಮ್ಮ ಶುದ್ಧ ಬಸೆಂಜಿ ಆಗಿದ್ದರೆ ಸುಮಾರು 50 ಪ್ರತಿಶತ, ಅಜ್ಜ ಅಜ್ಜಿಯರಲ್ಲಿ ಒಂದು ಆಗಿದ್ದರೆ ಸುಮಾರು 25 ಪ್ರತಿಶತ ಕಾಣಬೇಕು. ಎರಡು ಮೂರು ಪ್ರತಿಶತ 'ಬಸೆಂಜಿ' ಎಂದು ಬಂದರೆ ಅದಕ್ಕೆ ಬೆಲೆ ಕೊಡಬೇಡಿ. ಪರೀಕ್ಷೆ ಮಾಡುವವರ ಸಂಗ್ರಹದಲ್ಲಿ ಊರುನಾಯಿಗಳ ಮಾದರಿ ಇಲ್ಲದಿದ್ದರೆ, ಊರುನಾಯಿಯ ರಕ್ತವನ್ನು ಅದಕ್ಕೆ ಹತ್ತಿರ ಕಂಡ ಯಾವುದೋ ತಳಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ.

ಸಾಕುವವರಿಗೆ ತಳಿಯ ಹೆಸರಿಗಿಂತ ಉಪಯೋಗಕ್ಕೆ ಬರುವ ಪ್ರಶ್ನೆಗಳು ಬೇರೆ ಇವೆ. ಅಳಿಲು ಕಂಡರೆ ಏನು ಮಾಡುತ್ತದೆ? ಬೇಲಿಯನ್ನು ಹೇಗೆ ನೋಡುತ್ತದೆ? ಒಂಟಿಯಾಗಿ ಬಿಟ್ಟರೆ ಮನೆ ಏನಾಗುತ್ತದೆ? ತಿಂಡಿಗೆ ಬಗ್ಗುತ್ತದೋ, ಆಟಕ್ಕೆ ಬಗ್ಗುತ್ತದೋ? ಇವುಗಳ ಉತ್ತರ ಬಸೆಂಜಿ ಥರ ಇದ್ದರೆ ಮುಂದಿನದೆಲ್ಲ ನಿಮ್ಮ ನಾಯಿಗೂ ಅನ್ವಯಿಸುತ್ತದೆ, ಡಿಎನ್‌ಎ ಏನೇ ಹೇಳಲಿ.

ಬೇಲಿ, ಹಗ್ಗ, ಹಠ

ಬಸೆಂಜಿ ಬೇಲಿ ಹಾರುವುದಷ್ಟೇ ಅಲ್ಲ, ಹತ್ತುತ್ತದೆ. ತಂತಿ ಜಾಲರಿಯ ಬೇಲಿ ಅದಕ್ಕೆ ಏಣಿ ಇದ್ದ ಹಾಗೆಯೇ. ಆರಡಿ ಎತ್ತರದ, ಕಾಲೂರಲು ಜಾಗವಿಲ್ಲದ ನುಣುಪು ಗೋಡೆ ಅಥವಾ ಹಲಗೆಯ ಬೇಲಿ ಬೇಕು. ಬೇಲಿಯ ಪಕ್ಕ ಕುಂಡ, ಕುರ್ಚಿ, ಕಟ್ಟಿಗೆ ರಾಶಿ ಇಡಬಾರದು. ಅಡಿಯಲ್ಲಿ ಮಣ್ಣು ಸಡಿಲವಿದ್ದರೆ ತೋಡಿಕೊಂಡು ಹೋಗುತ್ತದೆ. ಕೊರಳಪಟ್ಟಿಗೆ ಶಾಕ್ ಕೊಡುವ 'ಕಾಣದ ಬೇಲಿ' ಇವಕ್ಕೆ ಪ್ರಯೋಜನವಿಲ್ಲ. ಬೇಟೆಯ ಹಿಂದೆ ಬಿದ್ದ ನಾಯಿ ಆ ಒಂದು ಕ್ಷಣದ ನೋವನ್ನು ಸಹಿಸಿಕೊಂಡು ದಾಟುತ್ತದೆ. ಆಮೇಲೆ ಅದೇ ನೋವಿನ ಭಯಕ್ಕೆ ವಾಪಸ್ ಬರುವುದಿಲ್ಲ. ಅದು ನೋವು ಕೊಡುವ ಉಪಾಯ ಎಂಬುದು ಇದಕ್ಕಿಂತ ದೊಡ್ಡ ದೋಷ.

ಬಯಲಿನಲ್ಲಿ ಹಗ್ಗ ಬಿಚ್ಚಬೇಡಿ. ಇದನ್ನು ಅನುಭವಿ ಸಾಕುವವರು ಒಂದೇ ದನಿಯಲ್ಲಿ ಹೇಳುತ್ತಾರೆ, ನಾನೂ ಹೇಳುತ್ತೇನೆ. ನೂರು ಸಲ ಕರೆದಾಗ ಬಂದ ನಾಯಿ ನೂರಾ ಒಂದನೇ ಸಲ ಬೆಕ್ಕಿನ ಹಿಂದೆ ರಸ್ತೆಗೆ ನುಗ್ಗುತ್ತದೆ. ಅದರ ಕಣ್ಣು ಆಗ ಬೆಕ್ಕಿನ ಮೇಲಿರುತ್ತದೆ, ಗಾಡಿಯ ಮೇಲಲ್ಲ. ಓಡುವ ಆಸೆ ತೀರಿಸಲು ಸುತ್ತ ಬೇಲಿಯಿರುವ ಜಾಗ ಹುಡುಕಿ. ಇಲ್ಲವಾದರೆ ಉದ್ದನೆಯ ಹಗ್ಗ ಕಟ್ಟಿ ಬಿಡಿ. ಕತ್ತು ಸಣ್ಣದಾದ್ದರಿಂದ ಮಾಮೂಲಿ ಪಟ್ಟಿಯಿಂದ ತಲೆ ನುಸುಳಿಸಿಕೊಳ್ಳುತ್ತದೆ. ಎಳೆದಾಗ ಸ್ವಲ್ಪ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ, ಅಥವಾ ಎದೆಗೆ ಸುತ್ತುವ ಹಾರ್ನೆಸ್ ವಾಸಿ. ಮೈಕ್ರೋಚಿಪ್ ಹಾಕಿಸುವುದನ್ನು ಮುಂದೂಡಬೇಡಿ.

ಕಲಿಸುವುದು ಕಷ್ಟವಲ್ಲ, ಒಪ್ಪಿಸುವುದು ಕಷ್ಟ. 'ಕೂರು' ಎಂಬುದನ್ನು ಎರಡು ನಿಮಿಷದಲ್ಲಿ ಕಲಿಯುತ್ತದೆ. ಮೂರನೇ ನಿಮಿಷಕ್ಕೆ 'ಕೂತರೆ ಏನು ಸಿಗುತ್ತದೆ' ಎಂದು ಯೋಚಿಸುತ್ತದೆ. ಆದ್ದರಿಂದ ಪಾಠ ಚಿಕ್ಕದಾಗಿರಲಿ, ಐದು ನಿಮಿಷ ಸಾಕು. ಸರಿ ಮಾಡಿದಾಗ ಅದಕ್ಕೆ ನಿಜವಾಗಿ ಇಷ್ಟವಾದ ತಿಂಡಿ ಕೊಡಿ. ಬೇಸರವಾಗುವ ಮೊದಲೇ ನಿಲ್ಲಿಸಿ. ಹೊಡೆದರೆ, ಗದರಿದರೆ ಕೆಲಸ ಕೆಡುತ್ತದೆ. ಕೆಲವು ತಳಿಗಳು ಗದರಿಕೆಗೆ ತಲೆತಗ್ಗಿಸುತ್ತವೆ. ಬಸೆಂಜಿ ಒಂದೋ ದೂರವಾಗುತ್ತದೆ, ಇಲ್ಲವೇ ತಿರುಗಿ ಬೀಳುತ್ತದೆ. ಕರೆದಾಗ ಬರುವುದನ್ನು ಮಾತ್ರ ದಿನವೂ ಅಭ್ಯಾಸ ಮಾಡಿಸಿ, ಬಂದಾಗ ಯಾವತ್ತೂ ಬೈಯಬೇಡಿ. ಎಷ್ಟು ತಡವಾಗಿ ಬಂದರೂ ಸರಿ.

ಬಾರ್ ಹಾರ್ಬರ್‌ನ ಅಧ್ಯಯನದಿಂದ ಇನ್ನೊಂದು ಪಾಠವಿದೆ. ಮೊದಲು ಬೆದರಿದ್ದ ಬಸೆಂಜಿ ಮರಿಗಳು ಎತ್ತಿ ಮುದ್ದಿಸಿ ರೂಢಿ ಮಾಡಿದ ಮೇಲೆ ಬೇಗ ಪಳಗಿದವು. ಮರಿಯ ಮೊದಲ ನಾಲ್ಕು ತಿಂಗಳು ಹೊಸ ಜನ, ಹೊಸ ಸದ್ದು, ಬಾಯಿ-ಕಿವಿ-ಪಾದ ಮುಟ್ಟಿಸಿಕೊಳ್ಳುವುದು ಎಲ್ಲವೂ ನಿಧಾನವಾಗಿ ಅಭ್ಯಾಸವಾಗಬೇಕು. ಉಗುರು ಕತ್ತರಿಸುವುದನ್ನು ವಿಶೇಷವಾಗಿ. ಇದನ್ನು ಮರಿಯಲ್ಲೇ ರೂಢಿ ಮಾಡಿಸದಿದ್ದರೆ ಮುಂದೆ ಹದಿಮೂರು ವರ್ಷ ಆ ಕಿರುಚಾಟ ಕೇಳಬೇಕಾಗುತ್ತದೆ.

ಕಚ್ಚಿ ಹರಿಯುವುದು ಬೇಸರದ ಫಲ. ವಯಸ್ಕ ನಾಯಿಗೆ ದಿನಕ್ಕೆ ಒಂದು ಗಂಟೆಯಾದರೂ ಚುರುಕಿನ ನಡಿಗೆ ಅಥವಾ ಓಟ ಬೇಕು. ಬರೀ ಓಟ ಸಾಲದು, ತಲೆಗೂ ಕೆಲಸ ಬೇಕು. ಊಟವನ್ನು ತಟ್ಟೆಯಲ್ಲಿ ಹಾಕುವ ಬದಲು ಆಟಿಕೆಯೊಳಗೆ ತುಂಬಿಡಿ, ಮನೆಯಲ್ಲಿ ಅಲ್ಲಲ್ಲಿ ಅಡಗಿಸಿಡಿ. ಮೂಸಿ ಹುಡುಕುವುದು ಅದಕ್ಕೆ ಪ್ರಿಯವಾದ ಕೆಲಸ. ಯಂತ್ರ ಎಳೆಯುವ ಬಟ್ಟೆತುಂಡಿನ ಹಿಂದೆ ಓಡಿಸುವ ಲ್ಯೂರ್ ಕೋರ್ಸಿಂಗ್ ಎಂಬ ಆಟ ಇದೆ, ಅದು ಸಿಗುವ ಕಡೆ ಇದ್ದರೆ ಒಮ್ಮೆ ತೋರಿಸಿ. ಮನೆಯಿಂದ ಹೊರಡುವಾಗ ಕಸದ ಡಬ್ಬಿ, ಶೂ, ರಿಮೋಟ್, ಒಳಉಡುಪು ಎಲ್ಲ ಎತ್ತಿಡಿ. ಅಡುಗೆಕಟ್ಟೆಯ ಮೇಲಿದೆ ಎಂದು ನೆಮ್ಮದಿಯಾಗಿರಬೇಡಿ, ಬಸೆಂಜಿಗೆ ಕಟ್ಟೆಯೂ ನೆಲವೂ ಒಂದೇ.

ಬೆಕ್ಕು, ಮೊಲ, ಕೋಳಿ ಇರುವ ಮನೆಗೆ ಯೋಚಿಸಿ ತನ್ನಿ. ಮರಿಯಿಂದ ಬೆಕ್ಕಿನ ಜೊತೆ ಬೆಳೆದ ನಾಯಿ ಆ ಬೆಕ್ಕನ್ನು ಒಪ್ಪಬಹುದು, ಪಕ್ಕದ ಮನೆಯ ಬೆಕ್ಕನ್ನು ಒಪ್ಪುವ ಭರವಸೆ ಇಲ್ಲ. ಎರಡು ನಾಯಿ ಬೇಕಿದ್ದರೆ ಒಂದು ಗಂಡು ಒಂದು ಹೆಣ್ಣು ಇರುವುದು ಕ್ಷೇಮ. ಒಂದೇ ಲಿಂಗದ ಎರಡು ಬಸೆಂಜಿಗಳ ಜಗಳ ಕೆಲವೊಮ್ಮೆ ಬಗೆಹರಿಯುವುದೇ ಇಲ್ಲ.

ಮೈ ಸ್ವಚ್ಛತೆಯಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ. ಬೆಕ್ಕಿನ ಹಾಗೆ ತಾನೇ ನೆಕ್ಕಿಕೊಂಡು ಮೈ ಶುಚಿ ಮಾಡಿಕೊಳ್ಳುತ್ತದೆ. ವಾರಕ್ಕೊಮ್ಮೆ ಬ್ರಷ್ ಸಾಕು, ಸ್ನಾನ ಅಪರೂಪಕ್ಕೆ. ಮಳೆ, ಒದ್ದೆ ಹುಲ್ಲು ಎಂದರೆ ಬಹಳಷ್ಟಕ್ಕೆ ಆಗುವುದಿಲ್ಲ. ಕೂದಲು ತೆಳುವಾದ್ದರಿಂದ ಚಳಿಗೆ ಸ್ವೆಟರ್ ಬೇಕು.

ಮೂತ್ರದಲ್ಲಿ ಸಕ್ಕರೆ

ಬಸೆಂಜಿ ಸಾಮಾನ್ಯವಾಗಿ 13-14 ವರ್ಷ ಬದುಕುವ ಗಟ್ಟಿ ನಾಯಿ. ಆದರೆ ಕೆಲವೇ ನಾಯಿಗಳಿಂದ ಹುಟ್ಟಿದ ತಳಿ ಎಂದೆನಲ್ಲ, ಅದರ ಬೆಲೆಯನ್ನು ಇಲ್ಲಿ ತೆರಬೇಕಾಗುತ್ತದೆ. ಅದರಲ್ಲಿ ಮುಖ್ಯವಾದದ್ದು ಫ್ಯಾಂಕೋನಿ ಎಂಬ ಕಿಡ್ನಿ ಕಾಯಿಲೆ.

ಕಿಡ್ನಿ ರಕ್ತವನ್ನು ಸೋಸುವಾಗ ಕಸದ ಜೊತೆ ಒಳ್ಳೆಯ ಅಂಶಗಳೂ ಹೊರಗೆ ಬರುತ್ತವೆ: ಸಕ್ಕರೆ, ಅಮೈನೊ ಆಮ್ಲ, ಬೈಕಾರ್ಬೊನೇಟ್, ಪೊಟ್ಯಾಸಿಯಂ, ಫಾಸ್ಫೇಟ್. ಮುಂದಿನ ಸಣ್ಣ ನಾಳಗಳು ಇವನ್ನು ಮತ್ತೆ ಹೀರಿ ರಕ್ತಕ್ಕೆ ಕಳಿಸುತ್ತವೆ. ಫ್ಯಾಂಕೋನಿಯಲ್ಲಿ ಈ ಹೀರುವ ಕೆಲಸ ಕೆಡುತ್ತದೆ. ಬೇಕಾದದ್ದೆಲ್ಲ ಮೂತ್ರದಲ್ಲಿ ಹೋಗುತ್ತದೆ. ನಾಯಿ ವಿಪರೀತ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಮೈ ಇಳಿಯುತ್ತದೆ, ಸ್ನಾಯು ಕರಗುತ್ತದೆ. ರಕ್ತದಲ್ಲಿ ಆಮ್ಲದ ಅಂಶ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾಯುತ್ತದೆ. ಹೆಚ್ಚಾಗಿ ಶುರುವಾಗುವುದು 4ರಿಂದ 8 ವರ್ಷದ ನಡುವೆ. ಅಷ್ಟು ಹೊತ್ತಿಗೆ ಆ ನಾಯಿ ಮರಿಗಳನ್ನೂ ಹಾಕಿರುತ್ತದೆ. ಕಾಯಿಲೆ ಇಷ್ಟು ಹರಡಲು ಇದೂ ಒಂದು ಕಾರಣ.

ಇಲ್ಲಿ ಒಂದು ಅಪಾಯದ ತಿರುವಿದೆ. ಬಾಯಾರಿಕೆ, ಅತಿ ಮೂತ್ರ, ಮೂತ್ರದಲ್ಲಿ ಸಕ್ಕರೆ ಎಂದ ಕೂಡಲೇ ಡಯಾಬಿಟಿಸ್ ನೆನಪಿಗೆ ಬರುತ್ತದೆ. ಆದರೆ ಫ್ಯಾಂಕೋನಿ ಇರುವ ನಾಯಿಯ ರಕ್ತದಲ್ಲಿ ಸಕ್ಕರೆ ಮಾಮೂಲಿನಷ್ಟೇ ಇರುತ್ತದೆ. ಆ ನಾಯಿಗೆ ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಮೂತ್ರದಲ್ಲಿ ಸಕ್ಕರೆ ಕಂಡರೆ ರಕ್ತದ ಸಕ್ಕರೆಯನ್ನೂ ನೋಡಲೇಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ಔಷಧಿ ಅಂಗಡಿಯಲ್ಲಿ ಸಿಗುವ, ಮೂತ್ರದ ಸಕ್ಕರೆ ತೋರಿಸುವ ಪಟ್ಟಿ ತನ್ನಿ. ಮೂರು ವರ್ಷದ ಸುಮಾರಿನಿಂದ ತಿಂಗಳಿಗೊಮ್ಮೆ ಬೆಳಗಿನ ಮೊದಲ ಮೂತ್ರದಲ್ಲಿ ಅದ್ದಿ ಬಣ್ಣ ನೋಡಿ. ಬಣ್ಣ ಬದಲಾದರೆ ಡಾಕ್ಟರ್ ಹತ್ತಿರ ಹೋಗಿ ರಕ್ತದ ಸಕ್ಕರೆಯ ಪರೀಕ್ಷೆ, ರಕ್ತದ ಆಮ್ಲದ ಅಂಶ ತೋರಿಸುವ ಬ್ಲಡ್ ಗ್ಯಾಸ್ ಪರೀಕ್ಷೆ ಮಾಡಿಸಿ. ಕಳೆದುಹೋಗುವ ಬೈಕಾರ್ಬೊನೇಟ್, ಪೊಟ್ಯಾಸಿಯಂಗಳನ್ನು ಮಾತ್ರೆಯ ರೂಪದಲ್ಲಿ ತುಂಬಿಕೊಡುವ 'ಗೊಂಟೊ ಪ್ರೋಟೋಕಾಲ್' ಎಂಬ ಚಿಕಿತ್ಸಾ ಕ್ರಮವನ್ನು ಡಾ. ಸ್ಟೀವ್ ಗೊಂಟೊ ರೂಪಿಸಿದ್ದಾರೆ. ಪ್ರಮಾಣವನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು. ಬೇಗ ಪತ್ತೆಯಾದ ನಾಯಿಗಳು ಈ ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ.

ಇದು ಅಪ್ಪ ಅಮ್ಮ ಎರಡೂ ಕಡೆಯಿಂದ ಜೀನ್‌ನ ಕೆಟ್ಟ ಪ್ರತಿ ಬಂದರೆ ಮಾತ್ರ ಬರುವ ಕಾಯಿಲೆ. 2007ರಲ್ಲಿ ಮೊದಲ ಡಿಎನ್‌ಎ ಪರೀಕ್ಷೆ ಬಂತು, 2011ರಲ್ಲಿ ದೋಷವನ್ನೇ ನೇರವಾಗಿ ಗುರುತಿಸುವ ಪರೀಕ್ಷೆ ಬಂತು. ಆದ್ದರಿಂದ ಇವತ್ತು ಮರಿ ಕೊಳ್ಳುವವರು ಅಪ್ಪ ಅಮ್ಮ ಎರಡರ ಫಲಿತಾಂಶವನ್ನೂ ಕೇಳಬೇಕು. ಎರಡರಲ್ಲಿ ಒಂದು 'ಕ್ಲಿಯರ್' (ಕೆಟ್ಟ ಪ್ರತಿ ಇಲ್ಲದ್ದು) ಆಗಿದ್ದರೆ ಮರಿಗೆ ಈ ಕಾಯಿಲೆ ಬರುವುದಿಲ್ಲ. ಎರಡೂ 'ಕ್ಯಾರಿಯರ್' (ಒಂದೇ ಕೆಟ್ಟ ಪ್ರತಿ ಇದ್ದು, ತನಗೆ ಕಾಯಿಲೆ ಬಾರದ್ದು) ಆಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಬರುವ ಸಂಭವವಿದೆ. "ನಮ್ಮ ನಾಯಿಗಳಿಗೆ ಏನೂ ಆಗಿಲ್ಲ" ಎಂಬ ಬಾಯಿಮಾತಿನ ಉತ್ತರ ಕೊಡುವ ಬ್ರೀಡರ್ ಹತ್ತಿರ ಮರಿ ತೆಗೆದುಕೊಳ್ಳಬೇಡಿ.

ಉಳಿದವುಗಳಲ್ಲಿ ಎರಡಕ್ಕೆ ಡಿಎನ್‌ಎ ಪರೀಕ್ಷೆ ಇದೆ: ಕೆಂಪು ರಕ್ತಕಣಗಳು ಬೇಗ ಒಡೆದು ರಕ್ತಹೀನತೆ ತರುವ ಪೈರುವೇಟ್ ಕೈನೇಸ್ ಕೊರತೆ, ಮತ್ತು ನಿಧಾನವಾಗಿ ದೃಷ್ಟಿ ಕಳೆಯುವ ಪಿಆರ್‌ಎ ಎಂಬ ಕಣ್ಣಿನ ಕಾಯಿಲೆಯ ಒಂದು ಬಗೆ. ದೀರ್ಘಕಾಲ ಭೇದಿ, ತೂಕ ಇಳಿಕೆ ತರುವ ಕರುಳಿನ ಕಾಯಿಲೆಯೊಂದು ಈ ತಳಿಯಲ್ಲಿ ಕಾಣಿಸುತ್ತದೆ, ಅದಕ್ಕೆ ಇಂಥ ಪರೀಕ್ಷೆ ಇಲ್ಲ. ಥೈರಾಯ್ಡ್ ಕಮ್ಮಿಯಾಗುವುದೂ ಇದೆ. ಮರಿಗಳಲ್ಲಿ ಹೊಕ್ಕುಳ ಹರ್ನಿಯಾ ಸಾಮಾನ್ಯ, ಚಿಕ್ಕದಾಗಿದ್ದರೆ ಗಾಬರಿ ಬೇಡ.

ಮಿಶ್ರತಳಿಯವರಿಗೆ ಇಲ್ಲಿ ಸಮಾಧಾನದ ಸುದ್ದಿ ಇದೆ. ಅಮ್ಮ ಬಸೆಂಜಿ, ಅಪ್ಪ ಆ ದೋಷವೇ ಇಲ್ಲದ ಬೇರೆ ತಳಿ ಆಗಿದ್ದರೆ ಮರಿ ಹೆಚ್ಚೆಂದರೆ ಕ್ಯಾರಿಯರ್ ಆಗುತ್ತದೆ. ಅದಕ್ಕೆ ಈ ಆನುವಂಶಿಕ ಫ್ಯಾಂಕೋನಿ ಬರುವುದಿಲ್ಲ. ಎರಡೂ ಕಡೆ ಬಸೆಂಜಿ ರಕ್ತ ಇರುವ ಮಿಶ್ರಣದಲ್ಲಿ ಮಾತ್ರ ಆ ಸಾಧ್ಯತೆ ಉಳಿಯುತ್ತದೆ. ಹಾಗಂತ ಮಿಶ್ರತಳಿಯ ಮೂತ್ರದಲ್ಲಿ ಸಕ್ಕರೆ ಕಂಡರೆ "ಓಹೋ, ಇದು ಬಸೆಂಜಿಯೇ" ಎಂದುಕೊಳ್ಳಬೇಡಿ. ಒಣಮಾಂಸದ ಜರ್ಕಿ ತಿಂಡಿ ತಿಂದ ಬೇರೆ ಬೇರೆ ತಳಿಯ ನಾಯಿಗಳಿಗೂ ಫ್ಯಾಂಕೋನಿಯಂಥ ತೊಂದರೆ ಬಂದ ದೂರುಗಳು 2007ರಿಂದ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಬಂದಿವೆ. ಕೆಲವು ಔಷಧ, ಸೋಂಕು, ವಿಷದಿಂದಲೂ ಹೀಗಾಗಬಹುದು. ಡಾಕ್ಟರ್ ಹತ್ತಿರ ಹೋದಾಗ ಚೀಟಿಯಲ್ಲಿ ಬರೆದ ತಳಿಯ ಹೆಸರಷ್ಟೇ ಹೇಳಬೇಡಿ. ನಾಯಿ ಇತ್ತೀಚೆಗೆ ಏನು ತಿಂದಿತ್ತು, ಯಾವ ಔಷಧಿ ನಡೆಯುತ್ತಿದೆ, ನೀರು ಎಷ್ಟು ದಿನದಿಂದ ಜಾಸ್ತಿ ಕುಡಿಯುತ್ತಿದೆ ಎಂಬುದನ್ನು ಹೇಳಿ. ಡಿಎನ್‌ಎ ವರದಿ ಮಾಡಿಸಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.